ಜಿಂಕೆಗೆ ಬಾರದ ಜ್ವರ

ಹೊಗೆನಕಲ್ ಎಂಬ ಹೆಸರಿನಲ್ಲಿಯೇ ಕನ್ನಡವಿದೆ. ಕಾವೇರಿ ಬಂಡೆಗಳ ನಡುವೆ ಧುಮುಕುವಾಗ ಏಳುವ ತುಂತುರು ದೂರದಿಂದ ಹೊಗೆಯಂತೆ ಕಾಣುವುದರಿಂದ ಅದು ಹೊಗೆಯ ಕಲ್ಲು. ಈ ದಡ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ತಾಲ್ಲೂಕಿನದು. ಎದುರು ದಡ ಕರ್ನಾಟಕದ ಚಾಮರಾಜನಗರ ಜಿಲ್ಲೆಯದು. ಇಲ್ಲಿಂದ ಕೆಳಗೆ ಹರಿದ ನೀರು ಸೇಲಂ ಜಿಲ್ಲೆಯ ಮೆಟ್ಟೂರು ಜಲಾಶಯವನ್ನು ಸೇರುತ್ತದೆ. ರಾಜ್ಯಗಳ ಗಡಿ ನದಿಯಲ್ಲಿ ಹಾದುಹೋಗಿದೆ. ಕಾಡಿಗೆ ಮಾತ್ರ ಅಂಥ ಗಡಿಯಿಲ್ಲ. ಆಚೆ ದಡದ ಕಾಡು 1987ರಲ್ಲಿ ಕಾವೇರಿ ವನ್ಯಧಾಮವಾಯಿತು. ಈಚೆ ತಮಿಳುನಾಡಿನ ಭಾಗದಲ್ಲಿ 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವೂ 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮವೂ ಘೋಷಿತವಾದವು.

ಈ ಕಾಡುಗಳಲ್ಲಿ ಚುಕ್ಕೆ ಜಿಂಕೆಯಿದೆ, ಕಡವೆಯಿದೆ, ಕಾಡುಕುರಿಯಿದೆ. ಬೇಸಿಗೆಯಲ್ಲಿ ಹಳ್ಳಗಳು ಬತ್ತಿದಾಗ ಅವು ಹೊಳೆಯ ಕಡೆಗೆ ಇಳಿಯುತ್ತವೆ. ಅದೇ ಹುಲ್ಲುಗಾವಲಿಗೆ ಊರಿನ ದನಗಳೂ ಆಡುಗಳೂ ಬರುತ್ತವೆ. ದನಗಳೊಡನೆ ಕಾಯುವ ಹುಡುಗರು, ಅವರೊಡನೆ ನಾಯಿಗಳು. ರಜೆಯ ದಿನಗಳಲ್ಲಿ ಹರಿಗೋಲಿನ ಆಸೆಗೆ ಬರುವ ಶಾಲೆಯ ಮಕ್ಕಳು ಬೇರೆ. ಹೀಗೆ ಒಂದೇ ನೆಲವನ್ನು ಕಾಡಿನ ಪ್ರಾಣಿ, ಸಾಕಿದ ಪ್ರಾಣಿ ಮತ್ತು ಮನುಷ್ಯ ಮೂವರೂ ತುಳಿಯುತ್ತಾರೆ. ಆ ಮೂವರ ನಡುವೆ ಓಡಾಡುವ ನಾಲ್ಕನೆಯ ಜೀವಿಯೊಂದಿದೆ. ಅದು ಉಣ್ಣಿ. ಕೆಲವೆಡೆ ಉಣುಗು ಎಂದೂ ಉಣ್ಣೆ ಎಂದೂ ಕರೆಯುವುದುಂಟು.

ಜಿಂಕೆಯ ಕಿವಿಯ ಒಳಬದಿ, ಕತ್ತಿನ ಕೆಳಗಿನ ಮೆತ್ತನೆಯ ಭಾಗ ಮತ್ತು ತೊಡೆಯ ಸಂದುಗಳಲ್ಲಿ ಉಣ್ಣಿಗಳು ಕಚ್ಚಿಕೊಂಡಿರುವುದು ಸಾಮಾನ್ಯ. ಆದರೂ ಜಿಂಕೆ ಮೇಯುತ್ತದೆ, ನೆಗೆಯುತ್ತದೆ, ಮರಿ ಹಾಕುತ್ತದೆ. ಅದರ ನೆತ್ತರಿನಲ್ಲಿ ಉಣ್ಣಿಯಿಂದ ಬಂದ ಬ್ಯಾಕ್ಟೀರಿಯಾ ಇದ್ದರೂ ನೋಡುವವರಿಗೆ ಅದರ ಸುಳಿವು ಸಿಗುವುದಿಲ್ಲ. ಮನುಷ್ಯನನ್ನು ಹಾಸಿಗೆ ಹಿಡಿಸಬಲ್ಲ ರೋಗಾಣುವೊಂದು ಜಿಂಕೆಯ ಮೈಯಲ್ಲಿ ಸದ್ದಿಲ್ಲದೆ ವಾಸಿಸಬಲ್ಲದು. ಹೀಗೆ ತಾನು ಕಾಯಿಲೆ ಬೀಳದೆ ರೋಗಾಣುವಿಗೆ ಆಶ್ರಯ ಕೊಡುವ ಪ್ರಾಣಿಯನ್ನು ವಿಜ್ಞಾನಿಗಳು ಆ ರೋಗಾಣುವಿನ ಸಹಜ ಆತಿಥೇಯ ಎನ್ನುತ್ತಾರೆ. ಬಹುಕಾಲದಿಂದ ಒಟ್ಟಿಗೆ ಬಾಳಿದ ಜೀವಿಗಳ ನಡುವೆ ಇಂಥ ಹೊಂದಾಣಿಕೆ ಬೆಳೆದಿರುವುದು ಅಪರೂಪವೇನಲ್ಲ. ಆ ನಂಟಿನಲ್ಲಿ ಪಾಲಿಲ್ಲದ ಮನುಷ್ಯ ನಡುವೆ ಸಿಕ್ಕಿಕೊಂಡಾಗ ಜ್ವರ ಬರುತ್ತದೆ.

ಉಣ್ಣಿಯ ಬದುಕನ್ನು ಅರಿತರೆ ಈ ನಂಟು ಸುಲಭವಾಗಿ ತಿಳಿಯುತ್ತದೆ. ಉಣ್ಣಿ ಕೀಟವಲ್ಲ, ಜೇಡ ಮತ್ತು ಚೇಳುಗಳ ಬಳಗಕ್ಕೆ ಸೇರಿದ್ದು. ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲುಗಳು. ಬೆಳೆದ ಮೇಲೆ ಎಂಟು. ಕಾಡಿನ ಉಣ್ಣಿಗಳಲ್ಲಿ ಹೆಚ್ಚಿನವು ಜೀವಮಾನದಲ್ಲಿ ಮೂರು ಬಾರಿ ಮಾತ್ರ ಊಟ ಮಾಡುತ್ತವೆ, ಒಂದೊಂದು ಊಟವೂ ಒಂದೊಂದು ಪ್ರಾಣಿಯ ಮೇಲೆ. ಮರಿಯಾಗಿದ್ದಾಗ ಇಲಿ, ಅಳಿಲು ಅಥವಾ ನೆಲದ ಹಕ್ಕಿಯ ನೆತ್ತರು. ಎಳೆಯದಾಗಿದ್ದಾಗ ಮತ್ತೊಂದು ಪ್ರಾಣಿ. ಬೆಳೆದ ಮೇಲೆ ಜಿಂಕೆ, ಕಡವೆ, ದನ, ಕಾಟಿಯಂಥ ದೊಡ್ಡ ಪ್ರಾಣಿ. ಹೊಟ್ಟೆ ತುಂಬಿದ ಹೆಣ್ಣು ಉಣ್ಣಿ ನೆಲಕ್ಕೆ ಬಿದ್ದು, ತರಗೆಲೆಯಡಿಯಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಹಸಿದ ಉಣ್ಣಿ ಹುಲ್ಲಿನ ತುದಿಗೇರಿ ಮುಂಗಾಲುಗಳನ್ನು ಚಾಚಿ ಕಾದು ಕೂರುತ್ತದೆ. ಆ ಮುಂಗಾಲುಗಳಲ್ಲಿಯೇ ಪ್ರಾಣಿಯ ಉಸಿರನ್ನೂ ಮೈಶಾಖವನ್ನೂ ಗುರುತಿಸುವ ಅಂಗವಿದೆ. ಹಾದುಹೋಗುವುದು ಜಿಂಕೆಯೋ ಹಸುವೋ ಹುಡುಗನೋ ಎಂಬ ಭೇದ ಅದಕ್ಕಿಲ್ಲ.

ಮೊದಲ ಊಟದಲ್ಲಿ ನೆತ್ತರಿನೊಡನೆ ರೋಗಾಣು ಸೇರಿದರೆ ಎರಡನೆಯ ಊಟದಲ್ಲಿ ಅದು ಮತ್ತೊಂದು ಪ್ರಾಣಿಗೆ ದಾಟಬಹುದು. ಕೆಲವು ರೋಗಾಣುಗಳು ತಾಯಿ ಉಣ್ಣಿಯಿಂದ ಮೊಟ್ಟೆಗೂ ಇಳಿಯುತ್ತವೆ. ಅಂಥ ಮೊಟ್ಟೆಯಿಂದ ಹೊರಬಂದ ಮರಿ ಯಾರನ್ನೂ ಕಚ್ಚುವ ಮೊದಲೇ ರೋಗಾಣುವನ್ನು ಹೊತ್ತಿರುತ್ತದೆ. ಉಣ್ಣಿ ಕಚ್ಚಿ ಜ್ವರ ಹರಡಬಲ್ಲದೆಂಬುದು ತಿಳಿದು ಬಹಳ ಕಾಲವೇನೂ ಆಗಿಲ್ಲ. ಅಮೆರಿಕದ ಹೊವಾರ್ಡ್ ರಿಕೆಟ್ಸ್ ಅವರು ರಾಕಿ ಪರ್ವತ ಸೀಮೆಯ ಚುಕ್ಕೆ ಜ್ವರ ಉಣ್ಣಿಯಿಂದ ಬರುತ್ತದೆಂದು 1906ರಲ್ಲಿ ತೋರಿಸಿದರು. ನಾಲ್ಕು ವರ್ಷಗಳ ಬಳಿಕ, ಮೆಕ್ಸಿಕೋದಲ್ಲಿ ಟೈಫಸ್ ಜ್ವರದ ಸಂಶೋಧನೆಯಲ್ಲಿ ತೊಡಗಿದ್ದಾಗ, ಅದೇ ಜ್ವರಕ್ಕೆ ಬಲಿಯಾದರು. ಈ ಬಳಗದ ಬ್ಯಾಕ್ಟೀರಿಯಾಗಳಿಗೆ ರಿಕೆಟ್ಸಿಯಾ ಎಂಬ ಹೆಸರು ಬಂದುದು ಅವರಿಂದಲೇ.

ಹಾಗಾದರೆ ಜಿಂಕೆಯ ಪಾತ್ರವೇನು? ಈ ಪ್ರಶ್ನೆಯನ್ನು ಹೆಚ್ಚು ಕೂಲಂಕಷವಾಗಿ ಪರಿಶೀಲಿಸಿರುವುದು ಅಮೆರಿಕ ಮತ್ತು ಯುರೋಪಿನಲ್ಲಿ. ಅಲ್ಲಿ ದೊರೆತ ಉತ್ತರ ಒಂದಲ್ಲ, ಎರಡು.

ಮೊದಲನೆಯದು, ಜಿಂಕೆಯೇ ರೋಗಾಣುವಿನ ಮನೆಯಾಗಿರುವ ಸಂದರ್ಭ. ಅಮೆರಿಕದಲ್ಲಿ 1986ರಲ್ಲಿ ಮನುಷ್ಯರಲ್ಲಿ ಹೊಸದೊಂದು ಉಣ್ಣಿಜ್ವರ ಗುರುತಿಗೆ ಬಂದಿತು. ಅರ್ಕನ್ಸಾಸ್ ರಾಜ್ಯದ ಫೋರ್ಟ್ ಚಾಫೀ ಸೇನಾನೆಲೆಯಲ್ಲಿದ್ದ ರೋಗಿಯೊಬ್ಬನ ನೆತ್ತರಿನಿಂದ ಅದರ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಲಾಯಿತು. 1991ರಲ್ಲಿ ಅದಕ್ಕೆ ಎರ್ಲಿಕಿಯಾ ಚಾಫೆನ್ಸಿಸ್ ಎಂಬ ಹೆಸರು ಬಂದಿತು. ಈ ಬ್ಯಾಕ್ಟೀರಿಯಾದ ಮುಖ್ಯ ಆಶ್ರಯ ಅಲ್ಲಿನ ಬಿಳಿಬಾಲದ ಜಿಂಕೆ. ಸೋಂಕು ತಗುಲಿದ ಜಿಂಕೆಯ ನೆತ್ತರಿನಲ್ಲಿ ಅದು ವಾರಗಟ್ಟಲೆ ಉಳಿಯುತ್ತದೆ. ಜಿಂಕೆಗೆ ಮಾತ್ರ ಜ್ವರವಿಲ್ಲ. ಯುರೋಪಿನ ರೋ ಜಿಂಕೆ ಮತ್ತು ಕೆಂಪು ಜಿಂಕೆಗಳ ಮೈಯಲ್ಲಿ ಅನಾಪ್ಲಾಸ್ಮಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹೀಗೆಯೇ ನೆಲೆಸಿದೆ. ಅದು ಕುರಿಗಳಿಗೆ ಜ್ವರ ತರುತ್ತದೆಂಬುದು ಸ್ಕಾಟ್ಲೆಂಡಿನ ಪಶುವೈದ್ಯರಿಗೆ ಬಹಳ ಹಿಂದೆಯೇ ತಿಳಿದಿತ್ತು. ಮನುಷ್ಯರಿಗೂ ತಗುಲುವುದೆಂದು ಅಮೆರಿಕದ ವೈದ್ಯರು 1994ರಲ್ಲಿ ವರದಿ ಮಾಡಿದರು. ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಅಮೆರಿಕದ ಜಿಂಕೆಗಳಲ್ಲಿ ಕಾಣುವ ಅನಾಪ್ಲಾಸ್ಮಾ ತಳಿಯೇ ಬೇರೆ. ಮನುಷ್ಯರಿಗೆ ಜ್ವರ ತರುವ ತಳಿ ಹೆಚ್ಚಾಗಿ ಇರುವುದು ಇಲಿಗಳಲ್ಲಿ. ಜಿಂಕೆಯ ನೆತ್ತರಿನಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದ ಮಾತ್ರಕ್ಕೆ ಅದು ಮನುಷ್ಯನಿಗೆ ಅಪಾಯಕಾರಿ ಎಂದು ತೀರ್ಮಾನಿಸುವಂತಿಲ್ಲ.

ಎರಡನೆಯದು, ಜಿಂಕೆ ರೋಗಾಣುವನ್ನು ಸಾಕದೆ ಉಣ್ಣಿಯನ್ನು ಮಾತ್ರ ಸಾಕುವ ಸಂದರ್ಭ. 1975ರಲ್ಲಿ ಅಮೆರಿಕದ ಕನೆಟಿಕಟ್ ರಾಜ್ಯದ ಲೈಮ್ ಎಂಬ ಊರಿನಲ್ಲಿ ಹಲವು ಮಕ್ಕಳ ಕೀಲುಗಳು ಊದಿಕೊಂಡವು. ಇಷ್ಟೊಂದು ಮಕ್ಕಳಿಗೆ ಒಂದೇ ಬಗೆಯ ಕೀಲುನೋವು ಆಕಸ್ಮಿಕವಾಗಿ ಬರಲಾರದೆಂದು ಆರೋಗ್ಯ ಇಲಾಖೆಯ ಗಮನ ಸೆಳೆದವರು ತಾಯಂದಿರು. ಅವರಲ್ಲಿ ಪಾಲಿ ಮರ್ರೆ ಎಂಬುವರ ಹೆಸರು ಇಂದಿಗೂ ನೆನಪಿನಲ್ಲಿದೆ. ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣ್ಣಿಯ ಹೊಟ್ಟೆಯಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ವರದಿ 1982ರಲ್ಲಿ ಪ್ರಕಟವಾಯಿತು. ಆ ಉಣ್ಣಿಗೆ ಜಿಂಕೆ ಉಣ್ಣಿ ಎಂಬ ಹೆಸರಿದ್ದುದರಿಂದ ಜನರ ಸಿಟ್ಟು ಜಿಂಕೆಯ ಮೇಲೆ ತಿರುಗಿತು. ಆದರೆ ಲೈಮ್ ಬ್ಯಾಕ್ಟೀರಿಯಾ ಜಿಂಕೆಯ ನೆತ್ತರಿನಲ್ಲಿ ಬದುಕಲಾರದು. ಅದರ ಮುಖ್ಯ ಆಶ್ರಯ ಬಿಳಿ ಪಾದದ ಸಣ್ಣ ಇಲಿ. ಜಿಂಕೆ ಕೊಡುವುದು ಬೆಳೆದ ಉಣ್ಣಿಗೆ ಊಟವನ್ನು ಮಾತ್ರ. ಹಾಗೆಂದು ಆ ಪಾತ್ರ ಚಿಕ್ಕದೇನಲ್ಲ: ಊಟ ಸಿಕ್ಕ ಒಂದೊಂದು ಹೆಣ್ಣು ಉಣ್ಣಿಯಿಂದ ಸಾವಿರಾರು ಮರಿಗಳಾಗುತ್ತವೆ.

ಕನ್ನಡ ನಾಡಿಗೆ ಈ ಎರಡನೆಯ ಪಾಠ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಬೆನ್ನಲ್ಲೇ ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಮಂಗನ ಕಾಯಿಲೆಯೆಂದು ಹೆಸರಾದ ಆ ರೋಗವನ್ನು ಹರಡುವುದೂ ಉಣ್ಣಿಯೇ. ದನಗಳಿಗೆ ಆ ಕಾಯಿಲೆ ಬಾಧಿಸುವುದಿಲ್ಲ. ಆದರೆ ಕಾಡಿನಲ್ಲಿ ಮೇಯುವ ದನದ ಮೈಮೇಲೆ ಬೆಳೆದ ಉಣ್ಣಿಗಳು ಹೊಟ್ಟೆ ತುಂಬಿಸಿಕೊಂಡು ಸಂತತಿ ಹೆಚ್ಚಿಸಿಕೊಳ್ಳುತ್ತವೆ. ಅಮೆರಿಕದಲ್ಲಿ ಜಿಂಕೆ ಮಾಡುವ ಕೆಲಸವನ್ನು ಮಲೆನಾಡಿನಲ್ಲಿ ಹಸು ಮಾಡಿತು. 2012ರ ಕೊನೆಯಲ್ಲಿ ಈ ಕಾಯಿಲೆ ಚಾಮರಾಜನಗರ ಜಿಲ್ಲೆಯ ಬಂಡೀಪುರದ ಕಾಡಿನಲ್ಲಿಯೂ ಅದೇ ಸುಮಾರಿಗೆ ನೀಲಗಿರಿಯ ಮಂಗಗಳಲ್ಲಿಯೂ ಕಾಣಿಸಿಕೊಂಡಿತು. ಇದು ವೈರಸ್‌ನಿಂದ ಬರುವ ರೋಗ; ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧ ಇದಕ್ಕೆ ನಾಟದು. ಆದರೆ ಕಾಡು, ಉಣ್ಣಿ, ಮೇಯುವ ಪ್ರಾಣಿ ಮತ್ತು ಮನುಷ್ಯರ ನಡುವಿನ ಸರಪಳಿ ಎರಡರಲ್ಲಿಯೂ ಒಂದೇ.

ಹೊಗೆನಕಲ್ಲಿನ ಸುತ್ತಲ ಸೀಮೆಯೂ ಮೊದಲಿನಿಂದ ದನಗಾಹಿಗಳ ಸೀಮೆ. ಆಲಂಬಾಡಿ ತಳಿಯ ದನಗಳಿಗೆ ಹೆಸರು ಕೊಟ್ಟ ಊರು ಇಲ್ಲಿಗೆ ಹತ್ತಿರದ್ದು. ದಕ್ಷಿಣದ ಬರಗೂರು ಬೆಟ್ಟಗಳಲ್ಲಿ ಕನ್ನಡ ಮಾತನಾಡುವ ಮನೆತನಗಳು ಇಂದಿಗೂ ಬರಗೂರು ತಳಿಯ ದನಗಳನ್ನು ಕಾಡಿನ ದೊಡ್ಡಿಗಳಲ್ಲಿ ಕೂಡಿ ಸಾಕುತ್ತವೆ. ಉಣ್ಣಿಯಿಂದ ದನಕ್ಕೆ ಜ್ವರ ಬರುವುದು, ಮೇವು ಬಿಡುವುದು, ಹಾಲು ಇಳಿಯುವುದು, ಕಣ್ಣು ಬಿಳಿಚಿಕೊಳ್ಳುವುದು ಈ ಮನೆಗಳಿಗೆ ಗೊತ್ತಿರುವ ಸಂಗತಿ. ಇದಕ್ಕೆ ಕಾರಣಗಳಲ್ಲೊಂದು ಅನಾಪ್ಲಾಸ್ಮಾ ಬಳಗದ ಬ್ಯಾಕ್ಟೀರಿಯಾ. ಸರ್ ಆರ್ನಾಲ್ಡ್ ಥೈಲರ್ ಅವರು 1910ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅದನ್ನು ಗುರುತಿಸಿದರು. ಕ್ಯಾಲಿಫೋರ್ನಿಯಾದ ಕಪ್ಪುಬಾಲದ ಜಿಂಕೆಗಳು ಇದೇ ಬ್ಯಾಕ್ಟೀರಿಯಾವನ್ನು ಹೊತ್ತು ತಾವು ಆರೋಗ್ಯವಾಗಿರುವುದು ಕಂಡುಬಂದಿದೆ. ಕಾಡಂಚಿನಲ್ಲಿ ಉಣ್ಣಿ ಎರಡೂ ದಿಕ್ಕಿಗೆ ನಡೆಯುತ್ತದೆ: ಜಿಂಕೆಯಿಂದ ಹಸುವಿನ ಕಡೆಗೆ, ಹಸುವಿನಿಂದ ಜಿಂಕೆಯ ಕಡೆಗೆ.

ಮಕ್ಕಳ ಮಟ್ಟಿಗೆ ಹೆಚ್ಚು ಎಚ್ಚರ ಬೇಕಾದುದು ಭಾರತೀಯ ಉಣ್ಣಿ ಟೈಫಸ್ ಎಂಬ ಚುಕ್ಕೆ ಜ್ವರದ ವಿಷಯದಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕುಮಾವೂ ಬೆಟ್ಟಗಳಲ್ಲಿ ಮೆಗಾ ಎಂಬ ಬ್ರಿಟಿಷ್ ವೈದ್ಯರು ಇದನ್ನು ವಿವರಿಸಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಜ್ವರವೂ ದದ್ದೂ ಇದ್ದ ರೋಗಿಗಳಲ್ಲಿ ಚುಕ್ಕೆ ಜ್ವರದ ರಿಕೆಟ್ಸಿಯಾ ಇರುವುದನ್ನು ಅಣುಮಟ್ಟದ ಪರೀಕ್ಷೆಯಿಂದ ಖಚಿತಪಡಿಸಿ 2012ರಲ್ಲಿ ಪ್ರಕಟಿಸಿದರು. ಈ ರೋಗಾಣುವಿನ ನೆಲೆ ಮುಖ್ಯವಾಗಿ ಉಣ್ಣಿಯೇ. ಅದರೊಡನೆ ನಾಯಿ ಮತ್ತು ಇಲಿಗಳು. ಕಾಡಿಗೆ ಹೋಗಿ ಬಂದ ನಾಯಿ ಮನೆಯ ಜಗಲಿಯ ಮೇಲೆ ಮಲಗಿದಾಗ ಉಣ್ಣಿಯೂ ಮನೆ ಸೇರುತ್ತದೆ.

ಈ ಜ್ವರ ಮೊದಲಿಗೆ ಬೇರೆ ಜ್ವರಗಳಂತೆಯೇ ತೋರುತ್ತದೆ. ಉಣ್ಣಿ ಕಚ್ಚಿದ ಕೆಲವು ದಿನಗಳಿಂದ ಎರಡು ವಾರಗಳೊಳಗೆ ಮೈ ಸುಡುತ್ತದೆ. ತಲೆನೋವು, ಮೈಕೈ ನೋವು, ವಾಂತಿ. ಮೂರು ದಿನಗಳಾಚೆ ಮಣಿಕಟ್ಟು ಮತ್ತು ಪಾದದ ಗಂಟುಗಳ ಸುತ್ತ ಕೆಂಪು ದದ್ದುಗಳೇಳಬಹುದು. ಅಂಗೈ ಅಂಗಾಲುಗಳಿಗೂ ಅವು ಹರಡುವುದು ಈ ಜ್ವರದ ಮುಖ್ಯ ಗುರುತು. ಎಲ್ಲ ಮಕ್ಕಳಲ್ಲಿಯೂ ದದ್ದು ಕಾಣಬೇಕೆಂದೇನೂ ಇಲ್ಲ. ಡೆಂಗಿ, ಟೈಫಾಯ್ಡ್, ದಡಾರ ಎಂಬ ಅನುಮಾನ ಮೊದಲು ಬರುವುದು ಸಹಜ. ರಿಕೆಟ್ಸಿಯಾ ಜೀವಕೋಶದ ಒಳಗೆ ಅಡಗಿ ಬೆಳೆಯುವ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಕೊಡುವ ಪೆನಿಸಿಲಿನ್ ಬಳಗದ ಔಷಧಗಳು ಅದರ ಮೇಲೆ ಕೆಲಸ ಮಾಡುವುದಿಲ್ಲ. ಜಿಲ್ಲಾ ಮಟ್ಟದಲ್ಲಿ ದೊರೆಯುವ ವೀಲ್-ಫೆಲಿಕ್ಸ್ ರಕ್ತಪರೀಕ್ಷೆಯೂ ಮೊದಲ ವಾರದಲ್ಲಿ ಏನನ್ನೂ ತೋರಿಸದೆ ಹೋಗಬಹುದು. ತಡವಾದರೆ ರಕ್ತನಾಳಗಳು ಜಖಂಗೊಂಡು ಶ್ವಾಸಕೋಶ, ಮೂತ್ರಪಿಂಡ, ಮಿದುಳುಗಳಿಗೆ ತೊಂದರೆಯಾಗುತ್ತದೆ, ಜೀವಕ್ಕೂ ಅಪಾಯವಾದೀತು.

ಇಷ್ಟೆಲ್ಲ ಇದ್ದರೂ ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಔಷಧವಿದೆ. ಸಕಾಲದಲ್ಲಿ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಜ್ವರ ಇಳಿಯತೊಡಗುತ್ತದೆ. ಚಿಕ್ಕ ಮಕ್ಕಳ ಹಲ್ಲಿಗೆ ಕಲೆಯಾದೀತೆಂಬ ಹಳೆಯ ಭಯದಿಂದ ಇದನ್ನು ತಡೆಹಿಡಿಯಬಾರದೆಂಬುದು ಇಂದಿನ ವೈದ್ಯಕೀಯ ಸಲಹೆ. ಬಲವಾದ ಅನುಮಾನವಿದ್ದಾಗ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಔಷಧವನ್ನೂ ಪ್ರಮಾಣವನ್ನೂ ಗೊತ್ತುಮಾಡುವವರು ವೈದ್ಯರೇ. ಅಂಗಡಿಯಿಂದ ತಂದು ಕೊಡುವ ಮದ್ದು ಇದಲ್ಲ. ಆದರೆ ವೈದ್ಯರಿಗೆ ಆ ಅನುಮಾನ ಬರುವುದು ಹೇಗೆ? ಮಗು ಕಾಡಿನಂಚಿಗೆ ಹೋಗಿತ್ತೆಂಬುದು, ದನದ ಕೊಟ್ಟಿಗೆಯಲ್ಲಿ ಆಡಿತ್ತೆಂಬುದು, ಅದರ ಮೈಮೇಲೆ ಉಣ್ಣಿ ಕಂಡಿತ್ತೆಂಬುದು ತಂದೆತಾಯಿಗೆ ಮಾತ್ರ ಗೊತ್ತು. ಕೇಳದೆ ಇದ್ದರೂ ಹೇಳಬೇಕಾದ ಮಾತು ಅದು. “ಡಾಕ್ಟರೇ, ಹತ್ತು ದಿನದ ಹಿಂದೆ ಮಗು ಕಾಡಿನ ಕಡೆ ಹೋಗಿತ್ತು, ಮೈಮೇಲೆ ಉಣ್ಣಿ ಸಿಕ್ಕಿತ್ತು” ಎಂಬ ಒಂದು ವಾಕ್ಯ ಎಷ್ಟೋ ದಿನಗಳ ಅಲೆದಾಟವನ್ನು ತಪ್ಪಿಸಬಲ್ಲದು.

ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ತಮಿಳು ಎಂಬ ಸ್ಥಿತಿಯಲ್ಲಿರುವ ಕುಟುಂಬಗಳು ಇದನ್ನು ಹೇಳಲು ಹಿಂಜರಿಯಬೇಕಾಗಿಲ್ಲ. ಉಣ್ಣಿ ಎಂಬ ಮಾತು ಎರಡೂ ನುಡಿಗಳಲ್ಲಿ ಒಂದೇ. ತಮಿಳು ಪತ್ರಿಕೆಗಳಲ್ಲಿ ಬರುವ ‘ಉಣ್ಣಿ ಕಾಯ್ಚಲ್’ ಹೆಚ್ಚಾಗಿ ಸ್ಕ್ರಬ್ ಟೈಫಸ್ ಎಂಬ ಜ್ವರ. ಅದನ್ನು ಹರಡುವುದು ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನುಸಿಯ ಮರಿ. ಕಚ್ಚಿದ ಜಾಗದಲ್ಲಿ ಬೀಡಿಯ ಬೆಂಕಿ ತಾಗಿದಂಥ ಕಪ್ಪು ಹೊಪ್ಪಳೆ ಕಾಣಬಹುದು. ಜ್ವರ ಬೇರೆಯಾದರೂ ಔಷಧ ಅದೇ. ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ ಮತ್ತು ಕೂದಲ ಬುಡದಲ್ಲಿ ಇಂಥ ಗುರುತಿದೆಯೇ ಎಂದು ನೋಡುವುದು ಎರಡಕ್ಕೂ ಒಳ್ಳೆಯದು.

ಕಾಡಿನ ಕಡೆ ಹೋಗುವಾಗ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಉಡುಪು, ಬೂಟು ಇರಲಿ. ಹುಲ್ಲಿನ ಮೇಲೆ ಬರಿಮೈಯಲ್ಲಿ ಕೂರುವುದು, ಮಲಗುವುದು ಬೇಡ. ಮನೆಗೆ ಬಂದೊಡನೆ ಸ್ನಾನ, ಬಟ್ಟೆಗೆ ಬಿಸಿನೀರು, ಮಕ್ಕಳ ಮೈ ಪರಿಶೀಲನೆ. ಉಣ್ಣಿ ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಬೇಕು. ಬಳಿಕ ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಬೇಕು. ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪು, ಬೆಂಕಿಕಡ್ಡಿ ಯಾವುದೂ ಬೇಡ. ಉಣ್ಣಿ ಮೈಯಲ್ಲಿರುವ ಹೊತ್ತು ಅದರಿಂದ ಹೆಚ್ಚುತ್ತದೆಯೇ ಹೊರತು ಉಪಯೋಗವಿಲ್ಲ. ಬೆರಳಲ್ಲಿ ಹೊಸಕಿ ಸಾಯಿಸುವುದೂ ಸಲ್ಲದು, ಏಕೆಂದರೆ ಗಾಯವಿದ್ದರೆ ಅದರ ಮೂಲಕ ರೋಗಾಣು ಒಳಸೇರೀತು. ದನ, ಆಡು, ನಾಯಿಗಳ ಉಣ್ಣಿಗೆ ಪಶುವೈದ್ಯರನ್ನು ಕೇಳಿ ಮದ್ದು ಹಾಕಿಸುವುದು ಮಕ್ಕಳ ರಕ್ಷಣೆಯ ಕೆಲಸವೂ ಹೌದು.

ಜಿಂಕೆಗಳೇ ಇಲ್ಲದಿದ್ದರೆ ಈ ಚಿಂತೆಯೇ ಇರುತ್ತಿರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಅಮೆರಿಕದ ಮೇನ್ ರಾಜ್ಯದ ಮೊನ್‌ಹೀಗನ್ ಎಂಬ ಪುಟ್ಟ ದ್ವೀಪದಲ್ಲಿ 1996ರಿಂದ 1999ರೊಳಗೆ ಎಲ್ಲ ಜಿಂಕೆಗಳನ್ನೂ ಇಲ್ಲವಾಗಿಸಿ ನೋಡಿದರು. ಕೆಲವು ವರ್ಷಗಳಲ್ಲಿ ಜಿಂಕೆ ಉಣ್ಣಿ ಬಹಳ ಇಳಿಯಿತು. ಆದರೆ ಅದು ಸುತ್ತಲೂ ಕಡಲಿರುವ ದ್ವೀಪ. ಕಾವೇರಿಯ ಕಾಡಿನಲ್ಲಿ ಜಿಂಕೆ ಇಲ್ಲದಿದ್ದರೆ ಉಣ್ಣಿಗೆ ದನವಿದೆ, ಆಡಿದೆ, ಕಾಡುಹಂದಿಯಿದೆ, ನಾಯಿಯಿದೆ. ಜಿಂಕೆ ಹೋದರೆ ಹಸಿಯುವುದು ಉಣ್ಣಿಯಲ್ಲ, ಚಿರತೆ ಮತ್ತು ಕೆನ್ನಾಯಿ. ಅವು ಹಸಿದರೆ ಬರುವುದು ದೊಡ್ಡಿಯ ಕರುವಿನ ಬಳಿಗೆ. ಅಮೆರಿಕದಲ್ಲಿ ಜಿಂಕೆ ಮಿತಿಮೀರಿದುದಕ್ಕೆ ಅವನ್ನು ತಿನ್ನುವ ತೋಳಗಳನ್ನು ಮನುಷ್ಯನೇ ಅಳಿಸಿದುದೂ ಒಂದು ಕಾರಣ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಿಂಕೆ, ಕಡವೆಗಳ ಬೇಟೆಯನ್ನು ನಿಷೇಧಿಸಿದೆ. ಕದ್ದು ಬೇಟೆಯಾಡಿ ಚರ್ಮ ಸುಲಿಯುವವನ ಕೈಗೆ ಮೊದಲು ಹತ್ತುವುದೂ ಆ ಪ್ರಾಣಿಯ ಮೈಯಿಂದ ಇಳಿಯುವ ಉಣ್ಣಿಯೇ.

ಹೊಗೆನಕಲ್ಲಿಗೆ ಹೋಗುವ ಮಕ್ಕಳು ಹರಿಗೋಲು ಹತ್ತಲಿ, ಎದುರು ದಡದಲ್ಲಿ ನೀರಿಗಿಳಿದ ಜಿಂಕೆಯನ್ನು ಕಂಡು ಹಿಗ್ಗಲಿ. ಅದನ್ನು ಮುಟ್ಟದೆ, ಮೇವು ಕೊಡದೆ, ದೂರದಿಂದಲೇ ನೋಡಿ ಬರಲಿ. ಸಂಜೆ ಮನೆಯಲ್ಲಿ ತಾಯಿಯೋ ಅಜ್ಜಿಯೋ ದೀಪದ ಬೆಳಕಿನಲ್ಲಿ ಕಿವಿಯ ಹಿಂಭಾಗವನ್ನೂ ಕೂದಲ ಬುಡವನ್ನೂ ಒಮ್ಮೆ ನೋಡಲಿ. ಮುಂದಿನ ಎರಡು ವಾರಗಳಲ್ಲಿ ಜ್ವರ ಬಂದರೆ, ಕಾಡಿಗೆ ಹೋಗಿದ್ದ ದಿನವನ್ನು ಮರೆಯದೆ ವೈದ್ಯರಿಗೆ ಹೇಳಲಿ. ಜಿಂಕೆಗೆ ಆ ಜ್ವರ ಬಾರದು. ಮಗುವಿಗೆ ಬಂದರೆ ಗುಣಪಡಿಸುವ ಮದ್ದಿದೆ.